ಮುರಿಯದ ಗೆರೆ

ಗೆರೆ ಮುರಿದಿಲ್ಲ, ಕೂದಲೆಳೆಯಷ್ಟೂ ಬಿರುಕು ಬಿಟ್ಟಿಲ್ಲ, ಸ್ಕ್ರೂವಿನ ತಲೆಯಿಂದ ಹೊರಟು ಕಾರ್ಬೊರೇಟರಿನ ಮುಚ್ಚಳದ ಮೇಲಿಳಿದು ನಿಂತ ಕೆಂಪು ಗೆರೆ, ಅವಳೇ ಎಳೆದದ್ದು, ಹದಿನೆಂಟು ದಿನದ ಹಿಂದೆ, ಉಗುರುಬಣ್ಣದ ಪುಟ್ಟ ಕುಂಚದಲ್ಲಿ, ಉಸಿರು ಬಿಗಿಹಿಡಿದು — ಸ್ಕ್ರೂ ಒಂದು ಎಳೆ ತಿರುಗಿದ್ದರೂ ಗೆರೆ ಎರಡು ತುಂಡಾಗಬೇಕಿತ್ತು, ತುಂಡಾಗಿಲ್ಲ, ಅಂದರೆ ತಿರುಗಿಲ್ಲ, ಅಂದರೆ ಬಿಗಿಯಾಗಿಯೇ ಇರಬೇಕು ಅಂದುಕೊಳ್ಳುತ್ತ ಬೆರಳ ತುದಿ ಇಟ್ಟಳು, ಸ್ಕ್ರೂಡ್ರೈವರ್ ಬೇಕಾಗಲೇ ಇಲ್ಲ, ಬಣ್ಣದ ಪೊರೆ ಚಿಟ್ಟೆಂದು ಒಡೆದು ಸ್ಕ್ರೂ ಬೆರಳಿನ ಜೊತೆಗೇ ಬಂತು, ಹಾಲುಹಲ್ಲು ಬರುವ ಹಾಗೆ. ಎರಡನೆಯದೂ ಬಂತು. ಮೂರನೆಯದಕ್ಕೆ ಕೈ ಹಾಕಲು ಹೆದರಿಕೆಯಾಗಿ ಅವಳು ತಲೆ ಎತ್ತಿದಳು, ಶೆಡ್ಡಿನ ಬಾಗಿಲ ಹತ್ತಿರ ಯಾವುದೋ ಹಳೆ ಕಾರಿನಿಂದ ಕಿತ್ತ ಸೀಟಿನ ಮೇಲೆ ಅಪ್ಪ ಪತ್ರಿಕೆ ಹಿಡಿದು ಕೂತಿದ್ದ, ಕನ್ನಡಕ ಮೂಗಿನ ತುದಿಯಲ್ಲಿ, ಬಿಸಿಲು ಮೊಣಕಾಲಿನವರೆಗೆ ಬಂದಿತ್ತು, ಚಾವಣಿಯ ತಗಡಿನ ನಡುವಿನ ಪ್ಲಾಸ್ಟಿಕ್ ಹಾಳೆಯಿಂದ ಬಿದ್ದ ಇನ್ನೊಂದು ತುಂಡು ಬಿಸಿಲು ಎಂಜಿನ್ನಿನ ಮೇಲೆ. ಪೆಟ್ರೋಲಿನ ವಾಸನೆ ಇನ್ನೂ ಹೋಗಿರಲಿಲ್ಲ. ಮುಚ್ಚಳದ ಅಂಚಿನಿಂದ ಒಸರಿದ ಪೆಟ್ರೋಲು ಕೆಳಗೆ ಇಳಿದು ಬಿಸಿ ಪೈಪಿನ ಹತ್ತಿರ, ನಾಲ್ಕು ಬೆರಳು ದೂರದಲ್ಲಿ, ಕಂದು ಕಲೆಯಾಗಿ ಒಣಗಿತ್ತು, ನಾಲ್ಕು ಬೆರಳು, ಅವಳು ತನ್ನ ಕೈಯನ್ನೇ ಇಟ್ಟು ಅಳೆದಳು, ಇನ್ನೊಮ್ಮೆ ಅಳೆದಳು, ನಾಲ್ಕೇ.

ಬೆಳಿಗ್ಗೆ ಕಾರನ್ನು ಎಳೆಸಿಕೊಂಡು ಬಂದಾಗ ಹಲ್ಲಿನ ಡಾಕ್ಟರು ನಗುತ್ತಲೇ ಹೇಳಿದ್ದರು, ನೋಡಮ್ಮಾ, ಅಲ್ಲಾಡೋ ಹಲ್ಲನ್ನ ಎರಡು ಸಲ ಉಳಿಸೋಕೆ ನೋಡ್ತೀವಿ, ಮೂರನೇ ಸಲ ಕಿತ್ತು ಕೈಗೆ ಕೊಡ್ತೀವಿ, ನಿಮ್ಮದು ಇದು ಮೂರನೇ ಸಲ. ನಗು ಅಲ್ಲಿಗೇ ನಿಂತಿತ್ತು. ಏರಿನಲ್ಲಿ ಗಾಡಿ ಕೆಮ್ಮಿ ನಿಂತುಬಿಡ್ತು, ಹಿಂದಿನ ಸೀಟಲ್ಲಿ ಅಮ್ಮ, ಎಂಬತ್ತಾರು ವರ್ಷ, ಅಮ್ಮನೇ ಅಂದಿದ್ದು ಏನೋ ವಾಸನೆ ಬರ್ತಿದೆ ಕಣೋ ಅಂತ, ನನಗೆ ಮೂಗು ಕಟ್ಟಿತ್ತು, ಗೊತ್ತೇ ಆಗಿರಲಿಲ್ಲ, ಇಳಿಸಿ ರಸ್ತೆ ಪಕ್ಕ ಕಲ್ಲಿನ ಮೇಲೆ ಕೂರಿಸಿದೆ. ಆ ಕಾರು ಅಪ್ಪನಿಗಿಂತ ಎರಡೇ ವರ್ಷ ಚಿಕ್ಕದು, ಕೆನೆಬಣ್ಣದ್ದು, ದುಂಡು ದೀಪಗಳದ್ದು, ಡಾಕ್ಟರ ತಾಯಿಗೆ ಬೇರೆ ಯಾವ ಕಾರೂ ಹತ್ತಲಾಗುವುದಿಲ್ಲ. ನಿಮ್ಮ ತಮ್ಮ ಇದ್ದಾಗಲೇ ಚೆನ್ನಾಗಿತ್ತು ಅನ್ನೋಣ ಅಂದ್ರೆ ಅವನು ಮಾಡಿದಾಗಲೂ ಹಿಂಗೇ ಆಗಿತ್ತಲ್ಲ, ಅಂದರು ಡಾಕ್ಟರು, ಹೋಗುವ ಮೊದಲು, ಬೇಜಾರಿನಿಂದಲ್ಲ, ಸುಮ್ಮನೆ ನೆನಪು ಮಾಡಿಕೊಂಡ ಹಾಗೆ, ಸಂಜೆ ಐದಕ್ಕೆ ಬರ್ತೀನಿ, ಅಮ್ಮನ್ನ ಕೂರಿಸಿಕೊಂಡು ಹೋಗಬಹುದು ಅಂತ ನೀವೇ ನನ್ನ ಮುಖ ನೋಡಿ ಹೇಳಬೇಕು. ಮಧ್ಯಾಹ್ನ ಅವಳು ಊಟಕ್ಕೆ ಡಬ್ಬಿ ಬಿಚ್ಚಿ ಹಾಗೇ ಮುಚ್ಚಿದ್ದಳು. ಮುಖ ನೋಡಿ ಹೇಳುವುದು ಅವಳಿಗೆ ಯಾವತ್ತೂ ಬಾರದ ಕೆಲಸ, ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು ಮತ್ತೆ ಹೋಗಿ ಬೀಗ ಜಗ್ಗುವವಳು ಅವಳು, ಅಕ್ಕಾ ಆ ಬೀಗಕ್ಕೆ ಕೈಕಾಲು ಇದ್ದಿದ್ರೆ ನಿನ್ನ ಕಾಟಕ್ಕೆ ಓಡಿಹೋಗ್ತಿತ್ತು, ಅನ್ನುತ್ತಿದ್ದ ತಮ್ಮ. ಅನ್ನುತ್ತಿದ್ದ. ಓಡಿಹೋದದ್ದು ಬೀಗ ಅಲ್ಲ.

ಏನು ಮರೆತೆ ನಾನು, ಅವಳು ಮತ್ತೆ ಮೊದಲಿನಿಂದ ಎಣಿಸಿದಳು, ಹೋದ ಸಲ ಮುಚ್ಚಳದ ಕೆಳಗಿನ ರಟ್ಟಿನ ಗ್ಯಾಸ್ಕೆಟ್ ಹೊಸದು ಹಾಕಿದ್ದೆ, ಎಂಜಿನ್ ಬಿಸಿಯಾಗಿ ಆರಿದ ಮೇಲೆ ಗ್ಯಾಸ್ಕೆಟ್ ಕುಗ್ಗುತ್ತದೆ ಎಂದು ಮಾರನೆಯ ದಿನ ಇನ್ನೊಮ್ಮೆ ಬಿಗಿ ಮಾಡಿದ್ದೆ, ಮುಚ್ಚಳದ ಆರೂ ಸ್ಕ್ರೂಗಳಿಗೆ ಸಡಿಲವಾಗದಿರಲೆಂದು ಸ್ಪ್ರಿಂಗ್ ವಾಷರ್ ಹಾಕಿದ್ದೆ, ಎಳೆ ಸವೆದಿದೆಯೇ ಎಂದು ಒಂದೊಂದು ಸ್ಕ್ರೂವನ್ನೂ ಬೆಳಕಿಗೆ ಹಿಡಿದು ನೋಡಿದ್ದೆ, ಅದರ ಹಿಂದಿನ ಸಲ ಚೋಕಿನ ಕಡ್ಡಿ ಹಿಡಿಯುವ ಸ್ಕ್ರೂ ಸಡಿಲವಾಗಿತ್ತು, ಅದರ ಹಿಂದಿನ ಸಲ, ಎಂಟು ತಿಂಗಳ ಹಿಂದೆ, ಕಾರ್ಬೊರೇಟರನ್ನು ಎಂಜಿನ್ನಿಗೆ ಹಿಡಿಸುವ ಎರಡು ನಟ್ಟು. ಮೂರು ಸಲ, ಮೂರು ಬೇರೆ ಬೇರೆ ಜಾಗ. ಕಾರು ಅಲುಗುತ್ತದೆ, ಅಲುಗಿದ್ದಕ್ಕೆ ಸಡಿಲವಾಗುತ್ತದೆ, ಹಳೆಯ ಗಾಡಿಗಳಲ್ಲಿ ಇದು ಇದ್ದದ್ದೇ — ಆದರೆ ಅಲುಗಿ ಸಡಿಲವಾದರೆ ಗೆರೆ ಮುರಿಯಬೇಕಲ್ಲ. ಸಂಜೆ ಕಾಲೇಜಿನಲ್ಲಿ, ಹಗಲೆಲ್ಲ ಗ್ರೀಸು ಮೆತ್ತಿದ ಕೈಯನ್ನು ಬೆಂಚಿನ ಕೆಳಗೆ ಅಡಗಿಸಿಕೊಂಡು ಕೂರುತ್ತಿದ್ದ ಆ ಮೂರು ವರ್ಷಗಳಲ್ಲಿ, ಬೋಳುತಲೆಯ ಒಬ್ಬ ಮೇಷ್ಟ್ರು ಹೇಳುತ್ತಿದ್ದರು, ತಪ್ಪು ಎಲ್ಲಿದೆ ಅಂತ ಹುಡುಕಬೇಡಿ, ಮೊದಲು ಏನೇನು ಬದಲಾಗಿಲ್ಲ ಅಂತ ಬರೀರಿ, ತಪ್ಪು ಅದರ ಹಿಂದೆ ನಿಂತಿರತ್ತೆ. ಅವಳು ಸಿಗರೇಟು ಪ್ಯಾಕಿನಷ್ಟು ಅಗಲದ ಗ್ಯಾಸ್ಕೆಟ್ ರಟ್ಟಿನ ಚೂರು ತೆಗೆದುಕೊಂಡು ಪೆನ್ಸಿಲಿನಲ್ಲಿ ಬರೆದಳು. ಗ್ಯಾಸ್ಕೆಟ್ ಬದಲಾಗಿದೆ. ವಾಷರ್ ಬದಲಾಗಿದೆ. ಜಾಗ ಬದಲಾಗಿದೆ. ಬಿಗಿ ಮಾಡಿದವರು — ಮೊದಲ ಸಲ ತಮ್ಮ, ಆಮೇಲೆ ಎರಡು ಸಲವೂ ನಾನು, ಬದಲಾಗಿದೆ. ಗೆರೆ ಎಳೆದವಳು ನಾನು, ಬದಲಾಗಿಲ್ಲ. ನಾನು, ಎಂದು ಬರೆದು ಅದರ ಕೆಳಗೆ ಗೀಟು ಹಾಕಿದಳು, ಒಂಥರಾ ಸಮಾಧಾನವೇ ಆಯಿತು, ಹಾಗಾದರೆ ನನ್ನದೇ ತಪ್ಪು, ಗೆರೆ ಎಳೆಯುವಾಗ ನಾನೇನೋ ಮಾಡುತ್ತಿದ್ದೇನೆ — ಆದರೆ ಗೆರೆ ಎಳೆದರೆ ಸ್ಕ್ರೂ ಸಡಿಲವಾಗುವುದಿಲ್ಲ, ಬಣ್ಣ ಅಂಟಿನ ಹಾಗೆ ಇನ್ನಷ್ಟು ಹಿಡಿಯುತ್ತದೆ, ಸಡಿಲವಾಗಿದ್ದರೂ ಹಿಡಿದು ನಿಲ್ಲಿಸುತ್ತದೆ. ಸಡಿಲವಾಗಿದ್ದರೂ. ಪೆನ್ಸಿಲು ನಿಂತಿತು. ಗೆರೆ ಎಳೆಯುವಾಗಲೇ ಸಡಿಲವಾಗಿದ್ದರೆ ಗೆರೆ ಯಾಕೆ ಮುರಿಯುತ್ತದೆ. ಬಿಗಿ ಮಾಡಿದ್ದಕ್ಕೂ ಗೆರೆ ಎಳೆದದ್ದಕ್ಕೂ ನಡುವೆ ಇನ್ನೊಂದು ಕೈ ಇದೆ, ಮೂರು ಸಲವೂ ಇತ್ತು, ಆ ಕೈಯ ಹೆಸರನ್ನು ಅವಳು ರಟ್ಟಿನ ಮೇಲೆ ಬರೆಯಲಿಲ್ಲ, ರಟ್ಟನ್ನು ಮಡಚಿ ಅಂಗಿಯ ಜೇಬಿಗೆ ಹಾಕಿದಳು, ಯಾರಾದರೂ ನೋಡಿಯಾರು ಅನ್ನುವ ಹಾಗೆ, ಶೆಡ್ಡಿನಲ್ಲಿ ಇದ್ದವರು ಇಬ್ಬರೇ.

ಯಾಕೆಂದರೆ ಅದು ಈ ಶೆಡ್ಡಿನ ಕಾಯಿದೆ, ಅಪ್ಪ ಮಾಡಿದ್ದು, ಬಿಗಿ ಮಾಡುವ ಕೈ ಒಂದು, ನೋಡುವ ಕೈ ಇನ್ನೊಂದು, ಗೆರೆ ಆಮೇಲೆ. ನೋಡೋದು ಅಂದ್ರೆ ಇನ್ನಷ್ಟು ತಿರುಪಿ ಜಂಬ ಕೊಚ್ಚಿಕೊಳ್ಳೋದಲ್ಲ, ಅನ್ನುತ್ತಿದ್ದ ಅಪ್ಪ, ಇವಳಿಗೆ ಹತ್ತೊಂಬತ್ತು, ತಮ್ಮನಿಗೆ ಹತ್ತು, ಅಮ್ಮ ತೀರಿಕೊಂಡ ವರ್ಷ, ಇಬ್ಬರನ್ನೂ ಎಂಜಿನ್ನಿನ ಎರಡು ಕಡೆ ನಿಲ್ಲಿಸಿಕೊಂಡು, ಮೊದಲು ಅರ್ಧ ಸುತ್ತು ಎಡಕ್ಕೆ ಬಿಡು, ಬಿಡುವಾಗ ಅದು ಎಷ್ಟು ಹಠ ಮಾಡತ್ತೆ ಅನ್ನೋದನ್ನ ಕೈಯಲ್ಲಿ ಕೇಳಿಸ್ಕೋ, ಹಠ ಮಾಡಿದ್ರೆ ಬಿಗಿ ಇತ್ತು ಅಂತ, ಆಮೇಲೆ ಬಲಕ್ಕೆ ತಂದು ಮತ್ತೆ ಕೂರಿಸು, ಅಷ್ಟೇ. ಇನ್ನೊಂದು ಮಾತು, ಬಿಗಿ ಮಾಡಿದೋರು ಪಕ್ಕದಲ್ಲಿ ನಿಲ್ಲಬಾರದು, ನಿಂತ್ರೆ ನೋಡೋನ ಕೈಗೆ ಮುಲಾಜು ಬರತ್ತೆ. ಹಾಗಾಗಿ ಇಪ್ಪತ್ತನಾಲ್ಕು ವರ್ಷದಿಂದ ಅಪ್ಪ ನೋಡುವ ಹೊತ್ತಿಗೆ ಅವಳು ಬೆನ್ನು ತಿರುಗಿಸಿ ಕೈತೊಳೆಯುವ ತೊಟ್ಟಿಯ ಹತ್ತಿರ ಹೋಗಿ ಡ್ರಾಯರಿನಿಂದ ಉಗುರುಬಣ್ಣದ ಬಾಟಲಿ ತೆಗೆದು ಅಲುಗಿಸುತ್ತ ನಿಲ್ಲುತ್ತಾಳೆ, ನಲವತ್ತು ಎಣಿಸುತ್ತಾಳೆ. ಆ ಬಣ್ಣ ಅವಳದೇ, ಸಂಜೆ ಕಾಲೇಜಿನ ಮೊದಲ ದಿನಕ್ಕೆಂದು ಕೊಂಡಿದ್ದಳು, ಕೆಂಪು, ಹಚ್ಚಿಕೊಳ್ಳುವ ಮೊದಲೇ ಅಪ್ಪ ಕೈಯಿಂದ ಇಸಿದುಕೊಂಡು ಒಂದು ಸ್ಕ್ರೂವಿನ ಮೇಲೆ ಗೆರೆ ಎಳೆದು ದೂರ ನಿಂತು ನೋಡಿ, ಪುಟ್ಟೀ, ನಿನ್ನ ಉಗುರಿಗಿಂತ ಇವನಿಗೇ ಒಪ್ಪತ್ತೆ ಕಣೇ, ಅಂದಿದ್ದ, ಅವಳು ಎರಡು ದಿನ ಮಾತು ಬಿಟ್ಟಿದ್ದಳು, ಆಮೇಲೆ ಅದೇ ಬಣ್ಣದ ಎಷ್ಟು ಬಾಟಲಿ, ಒಂದು ಹನಿಯೂ ಉಗುರಿಗೆ ತಾಗಿಲ್ಲ, ಅಕ್ಕನಿಗೆ ಊರಲ್ಲಿರೋ ಕಾರುಗಳೆಲ್ಲ ಬೆರಳು, ಅನ್ನುತ್ತಿದ್ದ ತಮ್ಮ, ಎಷ್ಟು ಬೆರಳು ನಮ್ಮಕ್ಕನಿಗೆ.

ಎಂಟು ತಿಂಗಳ ಹಿಂದೆ ಇದೇ ಕಾರು, ಇದೇ ಜಾಗ, ಬಾನೆಟ್ ಹೀಗೇ ಎತ್ತಿತ್ತು, ಎಂಜಿನ್ ಉಸ್ಸೆಂದು ಗಾಳಿ ಎಳೆಯುತ್ತಿತ್ತು, ಎರಡು ನಟ್ಟೂ ಕೈಯಲ್ಲೇ ತಿರುಗಿದವು, ಅಪ್ಪ ಸ್ಪ್ಯಾನರನ್ನು ನೆಲಕ್ಕೆ ಎಸೆದ, ಅಪ್ಪ ಸಾಮಾನು ಎಸೆದದ್ದನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ. ನಾನು ನೋಡಿದ್ದೀನಿ ಇದನ್ನ, ನನ್ನ ಕೈಯಾರೆ ನೋಡಿದ್ದೀನಿ, ಬಿಗಿ ಇತ್ತು, ಆಮೇಲೆ ಹೆಂಗೆ ಸಡಿಲ ಆಯ್ತು ಹೇಳು, ನೀನೇ ಕೈ ಹಾಕಿದೀಯ. ಇಲ್ಲಪ್ಪ, ಅಂದ ತಮ್ಮ. ಹಂಗಾದ್ರೆ ನಾನಾ. ತಮ್ಮ ಬಗ್ಗಿ ಗೆರೆಯನ್ನು ನೋಡಿದ, ಬಹಳ ಹೊತ್ತು ನೋಡಿದ, ಗೆರೆ ಮುರಿದಿಲ್ಲ ನೋಡಪ್ಪ, ಅಂದ, ಅಪ್ಪ ನೋಡಲಿಲ್ಲ, ಗೆರೆ ಎಳೆದವಳು ಇಲ್ಲೇ ಇದಾಳಲ್ಲ, ಹೇಳೇ ಪುಟ್ಟಿ, ನೀನು ಎಳೆಯುವಾಗ ಬಿಗಿ ಇತ್ತೋ ಇಲ್ವೋ. ಅವಳು ಹೇಳಿದಳು. ಇತ್ತಪ್ಪ. ಮುಟ್ಟಿ ನೋಡಿರಲಿಲ್ಲ ಅವಳು, ಯಾವತ್ತೂ ಮುಟ್ಟಿ ನೋಡುವುದಿಲ್ಲ, ಅಪ್ಪ ನೋಡಿದ ಮೇಲೆ ಇನ್ನೊಬ್ಬರು ಮುಟ್ಟಿದರೆ ಅಪ್ಪನಿಗೆ ಅವಮಾನ, ಅಪ್ಪ ಆಯ್ತು ಅಂದ ಮೇಲೆ ಆಯ್ತು, ಬೀಗವನ್ನು ಎರಡೆರಡು ಸಲ ಜಗ್ಗುವವಳು ಅದೊಂದನ್ನು ಮಾತ್ರ ಯಾವತ್ತೂ ಜಗ್ಗಿ ನೋಡಲಿಲ್ಲ, ಆದರೂ ಇತ್ತಪ್ಪ ಅಂದಳು, ಎಷ್ಟು ಸಲೀಸಾಗಿ ಬಂತು ಬಾಯಿಗೆ. ಆಗ ತಮ್ಮ ಗೆರೆಯಿಂದ ಕಣ್ಣೆತ್ತಿ ಅಪ್ಪನನ್ನು ನೋಡಿದ, ಅಪ್ಪನ ಮುಖವನ್ನಲ್ಲ, ಕೈಯನ್ನು, ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದಾಗ ಬೇರೆಯೇ ಮಾತು ಬಂತು, ಹೌದಪ್ಪ, ನಾನೇ ಇರಬೇಕು, ಟೈಟ್ ಮಾಡೋದು ಮರ್ತಿದೀನಿ. ಕೈ ಸಡಿಲ ಇರೋನು ನನ್ನ ಶೆಡ್ಡಲ್ಲಿ ಬೇಡ, ಅಂದ ಅಪ್ಪ, ಮೂವತ್ತನಾಲ್ಕು ವರ್ಷದ ಮಗನಿಗೆ, ಡಾಕ್ಟರ ಎದುರಿಗೆ. ಅವನು ಹತ್ತನೇ ನಂಬರಿನ ಸ್ಪ್ಯಾನರನ್ನು ಒರೆಸಿ ಗೋಡೆಯ ಮೇಲೆ ಅದರದೇ ಆಕಾರ ಬರೆದ ಜಾಗದಲ್ಲಿ ತೂಗುಹಾಕಿ, ನಡೆಯುವಾಗ ಅವಳ ಹತ್ತಿರ ನಿಂತು ಮೆಲ್ಲಗೆ ಅಂದ, ಅಕ್ಕಾ, ಇನ್ಮೇಲೆ ಗೆರೆ ಎಳೆಯೋಕೆ ಮುಂಚೆ ಒಂದ್ಸಲ ಮುಟ್ಟಿ ನೋಡು. ಅವಳಿಗೆ ಉರಿದುಹೋಯಿತು, ಮಾಡಿದ್ದು ನೀನು, ಬುದ್ಧಿ ನನಗೆ ಹೇಳ್ತೀಯಾ, ಅಂದಳು, ತಾನು ಎರಡು ಜಡೆ ಹಾಕಿಕೊಂಡಿದ್ದಾಗಿನಿಂದ ಅವನಿಗೆ ಅನ್ನ ಕಲಸಿ ಕೊಟ್ಟವಳು. ಈಗ ಅವನು ಬೇರೆ ಊರಿನ ಐಸ್ ಫ್ಯಾಕ್ಟರಿಯಲ್ಲಿ ಯಂತ್ರ ನೋಡಿಕೊಳ್ಳುತ್ತಾನೆ, ತಿಂಗಳಿಗೊಂದು ಸಲ ಅವಳು ಫೋನ್ ಮಾಡಿದರೆ ಚೆನ್ನಾಗಿದೀನಿ ಅಕ್ಕಾ, ಕೈ ಮರಗಟ್ಟತ್ತೆ ಅಷ್ಟೇ, ಅನ್ನುತ್ತಾನೆ, ಆಮೇಲೆ ಪ್ರತಿ ಸಲ ಒಂದೇ ಪ್ರಶ್ನೆ, ಅಪ್ಪ ಈಗಲೂ ನಿನ್ನ ಕೆಲಸ ನೋಡ್ತಾನಾ. ಕೊಂಕು ಎಂದುಕೊಂಡಿದ್ದಳು. ಎಂಟು ತಿಂಗಳು, ಎಂಟು ಸಲ, ಕೊಂಕು ಎಂದುಕೊಂಡು ಬೇಗ ಬೇಗ ಫೋನ್ ಇಟ್ಟಿದ್ದಳು.

ಪುಟ್ಟೀ, ಕೇಳು ಇಲ್ಲಿ, ಅಪ್ಪ ಸೀಟಿನಿಂದಲೇ ಕೂಗಿದ, ಒಬ್ಬ ಹಲ್ಲಿನ ಡಾಕ್ಟ್ರ ಹತ್ರ ಮೆಕ್ಯಾನಿಕ್ ಹೋದನಂತೆ, ಹೋಗಿ ಬಾಯಿ ತೆಗೆದನಂತೆ, ಅಷ್ಟು ಹೇಳಿ ಅಪ್ಪ ನಕ್ಕ, ಹೊಟ್ಟೆ ಕುಲುಕಿಸಿ ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅವಳು ಕಾದಳು. ಮುಂದೇನಪ್ಪ. ಮುಂದೆ ಏನು, ಅಷ್ಟೇ, ಅಂದ ಅಪ್ಪ, ಪತ್ರಿಕೆ ಎತ್ತಿಕೊಂಡ, ಬೆಳಿಗ್ಗೆಯಿಂದ ಮೊದಲ ಪುಟವೇ. ಆ ಜೋಕಿನ ಉಳಿದರ್ಧ ಅವಳಿಗೆ ಗೊತ್ತು, ನೂರು ಸಲ ಕೇಳಿದ್ದಾಳೆ, ಮೆಕ್ಯಾನಿಕ್ಕು ಬಾಯಿ ತೆಗೆದು ಬಾನೆಟ್ ಎತ್ತಿದ್ದೀನಿ ನೋಡಿ ಸ್ವಾಮಿ ಅನ್ನಬೇಕು, ಅದನ್ನು ಹೇಳುವಾಗ ಅಪ್ಪ ಬಾನೆಟ್ಟಿಗೆ ಕೋಲು ಕೊಟ್ಟ ಹಾಗೆ ಗಲ್ಲಕ್ಕೆ ಬೆರಳು ಇಟ್ಟುಕೊಳ್ಳಬೇಕು. ಯಾವಾಗಿನಿಂದಲೋ ಅಪ್ಪ ಅದನ್ನು ಹೇಳಿಲ್ಲ. ನಲ್ಲಿ ತಿರುಗಿಸಿ ಕೈ ತೊಳೆಯದೆ ಬಂದುಬಿಡುತ್ತಾನೆ, ನೀರು ಹರಿಯುತ್ತಲೇ ಇರುತ್ತದೆ, ಅವಳು ಹೋಗಿ ನಿಲ್ಲಿಸುತ್ತಾಳೆ. ಅಂಗಿಯ ಮೇಲಿನ ಮೂರು ಗುಂಡಿ ಹಾಕಿ ಕೆಳಗಿನದು ಬಿಡುತ್ತಾನೆ, ಸೆಖೆ ಎಂದುಕೊಂಡಳು. ಚಹಾಕ್ಕೆ ಸಕ್ಕರೆ ಹಾಕಿ ಕದಡದೆ ಕುಡಿದು ಸಪ್ಪೆ ಅನ್ನುತ್ತಾನೆ, ನಾಲಿಗೆ ಕೆಟ್ಟಿದೆ ಎಂದುಕೊಂಡಳು. ಎಲ್ಲದರ ಮೊದಲರ್ಧ ಮಾಡುತ್ತಾನೆ ಅಪ್ಪ, ಒಂದು ವರ್ಷದಿಂದ, ಮೊದಲರ್ಧ ಮಾತ್ರ, ಉಳಿದರ್ಧ ಮಾಡುತ್ತ ಬಂದವಳು ಅವಳು, ಮಾಡುತ್ತಿದ್ದೇನೆ ಎಂದು ತನಗೇ ಹೇಳಿಕೊಳ್ಳದೆ. ಅರ್ಧ ಸುತ್ತು ಎಡಕ್ಕೆ ಬಿಡು. ಆಮೇಲೆ. ದೇವರೇ, ನನ್ನ ಲೆಕ್ಕ ತಪ್ಪಾಗಲಿ, ನಾನು ಯಾವಾಗಲೂ ತಪ್ಪೇ ತಾನೇ, ಇದೊಂದು ಸಲ ಕೂಡ ತಪ್ಪಾಗಲಿ ಅಂದುಕೊಳ್ಳುತ್ತ ಅವಳು ಹಳೆಯ ಬಣ್ಣವನ್ನೆಲ್ಲ ಕೆರೆದು, ಮುಚ್ಚಳ ಕೂರಿಸಿ, ಆರು ಸ್ಕ್ರೂಗಳನ್ನೂ ಎದುರುಬದುರಾಗಿ ಒಂದಾದ ಮೇಲೊಂದು ಬಿಗಿ ಮಾಡಿದಳು, ಕೊನೆಯಲ್ಲಿ ಪ್ರತಿಯೊಂದೂ ಸಣ್ಣಗೆ ಕಿರ್ ಎಂದು ಕಚ್ಚಿಕೊಂಡಿತು, ಆ ಸದ್ದು ಬಂದ ಮೇಲೆ ನಿಲ್ಲಿಸಬೇಕು, ಅದೂ ಅಪ್ಪ ಹೇಳಿಕೊಟ್ಟದ್ದೇ. ಅಪ್ಪಾ, ಬಾ, ನೋಡು, ಅಂದಳು.

ಅಪ್ಪ ಬಂದ, ಮರದ ಹಿಡಿಯ ಸ್ಕ್ರೂಡ್ರೈವರನ್ನು ತೊಡೆಗೆ ಒರೆಸಿಕೊಳ್ಳುತ್ತ, ಅವನ ಹೆಬ್ಬೆರಳಿನ ಅಳತೆಗೆ ಗುಳಿ ಬಿದ್ದ ಹಿಡಿ, ಸರಿ, ನೀನು ಆ ಕಡೆ ಹೋಗು, ಕಾಯಿದೆ ಕಾಯಿದೆನೇ. ಅವಳು ತೊಟ್ಟಿಯ ಹತ್ತಿರ ಹೋದಳು, ಡ್ರಾಯರ್ ಎಳೆದು ಬಾಟಲಿ ತೆಗೆದು ಅಲುಗಿಸತೊಡಗಿದಳು, ಒಂದು, ಎರಡು, ಬೆನ್ನು ತಿರುಗಿಸಿಯೇ ಇದ್ದಾಳೆ, ಕಾಯಿದೆ ಮುರಿದಿಲ್ಲ, ಆದರೆ ತೊಟ್ಟಿಯ ಮೇಲೆ ಒಂದು ಕನ್ನಡಿ ಇದೆ, ತಮ್ಮ ತಲೆ ಬಾಚಿಕೊಳ್ಳಲು ಹಾಕಿದ್ದು, ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಕಣ್ಣೆತ್ತಿ ಅದರಲ್ಲಿ ನೋಡಿದಳು. ಅಪ್ಪ ಬಾಗಿದ್ದಾನೆ, ಬಿಸಿಲಿನ ತುಂಡು ಬೋಳು ನೆತ್ತಿಯ ಮೇಲೆ, ಮಣಿಕಟ್ಟು ತಿರುಗಿತು, ಒಂದೇ ಸಲ, ಬಲಕ್ಕೆ, ಮುಂದಿನ ಸ್ಕ್ರೂಗೆ ಹೋದ, ಬಲಕ್ಕೆ, ಅವಳ ಎದೆ ಹಗುರಾಗತೊಡಗಿತು, ಅಪ್ಪ ಬಿಡುವುದನ್ನೇ ಬಿಟ್ಟಿದ್ದಾನೆ, ಬರೀ ಬಿಗಿ ಮಾಡುತ್ತಿದ್ದಾನೆ, ಮೂರನೆಯದು ಬಲಕ್ಕೆ, ನಾಲ್ಕು, ನಾನು ಎಂಥ ಪಾಪಿ, ಹೆತ್ತ ಅಪ್ಪನ ಮೇಲೆ ಅನುಮಾನ ಪಟ್ಟೆ, ಇವತ್ತು ಸಂಜೆ ಅಪ್ಪನಿಗೆ ಇಷ್ಟವಾದದ್ದನ್ನೇ ಮಾಡಬೇಕು, ಐದು ಬಲಕ್ಕೆ, ಇಪ್ಪತ್ತೆರಡು, ಇಪ್ಪತ್ಮೂರು, ನಗು ಬಂತು ಅವಳಿಗೆ, ನಗುತ್ತ ಕನ್ನಡಿಯಲ್ಲಿ ಕಣ್ಣು ಸ್ವಲ್ಪ ಕೆಳಗಿಳಿದು ಕಾರಿನ ನಂಬರ್ ಪ್ಲೇಟಿಗೆ ತಾಗಿತು, ಡಾಕ್ಟರ ಕಾರಿನ ನಂಬರು ಅವಳಿಗೆ ಬಾಯಿಪಾಠ, ಇದು ಯಾವ ನಂಬರು, ಅಂಕಿಗಳೆಲ್ಲ ಹಿಂದುಮುಂದಾಗಿ, ಬೆನ್ನು ತಿರುಗಿಸಿಕೊಂಡು — ಕನ್ನಡಿ. ಕನ್ನಡಿಯಲ್ಲಿ ಬಲ ಅಂದರೆ ಎಡ. ಬಾಟಲಿ ಅಲುಗಿಸುತ್ತಿದ್ದ ಕೈ ನಿಂತಿತು, ಆರನೆಯ ಸ್ಕ್ರೂವಿನ ಮೇಲೆ ಅಪ್ಪನ ಮಣಿಕಟ್ಟು ಒಂದೇ ಸಲ ತಿರುಗಿತು, ಆಮೇಲೆ ಅಪ್ಪ ಹಾಗೇ ನಿಂತ, ಸ್ಕ್ರೂಡ್ರೈವರನ್ನು ಅರ್ಧ ಎತ್ತಿ ಹಿಡಿದುಕೊಂಡು, ಒಳಕೋಣೆಗೆ ಬಂದು ಯಾಕೆ ಬಂದೆ ಎಂದು ಮರೆತವನ ಹಾಗೆ, ಒಂದು ಕ್ಷಣ, ಮುಖದ ಮೇಲೆ ಎಂಥದೋ ಹೆದರಿಕೆ, ಇನ್ನೂ ಏನೋ ಇತ್ತಲ್ಲ, ಏನದು — ಆಮೇಲೆ ಬಟ್ಟೆಯಲ್ಲಿ ಮುಚ್ಚಳವನ್ನು ಒರೆಸಿ ನೆಟ್ಟಗಾದ. ಆಯ್ತು ಪುಟ್ಟಿ, ಆರಕ್ಕೆ ಆರೂ ಕಲ್ಲಿನ ಹಾಗಿದೆ, ಗೆರೆ ಎಳಿ. ಕೈ ಚೆನ್ನಾಗಿದೆ ಕಣೇ ನಿಂದು, ಅವನ ಹಂಗಲ್ಲ.

ಹೇಳಬಾರದು, ಅವಳು ನಡೆದು ಬರುತ್ತ ನಿರ್ಧಾರ ಮಾಡಿದ್ದಳು, ಹತ್ತು ಹೆಜ್ಜೆಯಲ್ಲಿ, ಹೇಳದೆ ಇದ್ದುಬಿಡುತ್ತೇನೆ, ಅಪ್ಪ ನೋಡಿ ಹೋದ ಮೇಲೆ ನಾನೇ ಮತ್ತೆ ಬಿಗಿ ಮಾಡುತ್ತೇನೆ, ನಲ್ಲಿ ನಿಲ್ಲಿಸುವ ಹಾಗೆ, ಅಪ್ಪ ಇರುವವರೆಗೆ, ಯಾರಿಗೇನು ನಷ್ಟ — ತಮ್ಮನಿಗೆ, ತಮ್ಮನ ಮರಗಟ್ಟಿದ ಕೈಗೆ, ಆದರೆ ಅವನೇ ಒಪ್ಪಿಕೊಂಡಿದ್ದಾನಲ್ಲ, ಅಪ್ಪನಿಗೆ ಗೊತ್ತಾಗುವುದು ಬೇಡ ಎಂದೇ ಅಲ್ಲವೇ ಬಾಯಿ ಮುಚ್ಚಿಕೊಂಡದ್ದು, ಅವನ ಆ ಒಂದು ಸುಳ್ಳನ್ನು ನಾನು ಹೇಗೆ ಹಾಳು ಮಾಡಲಿ. ಅಪ್ಪಾ, ಹೊರಗೆ ಡಾಕ್ಟ್ರು ಬಂದ ಹಾಗಾಯ್ತು, ನೋಡು, ಅಂದಳು. ಅಪ್ಪ ಬಾಗಿಲ ಕಡೆ ತಿರುಗಿದ. ಅವಳು ಬಾಟಲಿಯನ್ನು ಕೆಳಗಿಟ್ಟು ಜೇಬಿನಿಂದ ಗಿಡ್ಡ ಸ್ಕ್ರೂಡ್ರೈವರ್ ತೆಗೆದು ಮೊದಲ ಸ್ಕ್ರೂವನ್ನು ಸರಕ್ಕನೆ ಬಲಕ್ಕೆ ತಿರುಗಿಸಿದಳು, ಕಿರ್, ಅಂದಿತು ಅದು, ಎಷ್ಟು ಸಣ್ಣ ಸದ್ದು, ಇರುವೆಗೂ ಕೇಳಿಸದ್ದು. ಅಪ್ಪನ ಬೆನ್ನು ನಿಂತಿತು. ಅಪ್ಪ ಎಷ್ಟೋ ಮರೆತಿದ್ದಾನೆ, ಆ ಸದ್ದನ್ನು ಮರೆತಿಲ್ಲ. ಏನದು. ಏನಿಲ್ಲಪ್ಪ. ಕಚ್ಚಿದ ಸದ್ದು ಅದು, ಬಿಗಿ ಇರೋದು ಇನ್ನೊಂದ್ಸಲ ಕಚ್ಚಲ್ಲ, ಸರಿ ಪಕ್ಕಕ್ಕೆ. ಅಪ್ಪ ಬಂದು ಎರಡನೆಯ ಸ್ಕ್ರೂವಿನ ಮೇಲೆ ಹೆಬ್ಬೆರಳು ಇಟ್ಟ, ಅದು ತಿರುಗಿತು. ಮೂರನೆಯದರ ಮೇಲೆ ಇಟ್ಟ. ಯಾರು ಬಿಚ್ಚಿದ್ದು ಇದನ್ನ, ಅಂದ, ಯಜಮಾನನ ದನಿಯಲ್ಲಿ, ಈಗ ತಾನೇ ನೋಡಿದ್ದೀನಿ ನಾನು, ಯಾರು ಬಂದಿದ್ರು ಇಲ್ಲಿ. ಯಾರೂ ಬಂದಿರಲಿಲ್ಲ. ನಾಲ್ಕು. ಐದು. ಒಂದನ್ನೂ ಬಿಡಲಿಲ್ಲ ಅಪ್ಪ, ಕೆಲಸ ಅಂದರೆ ಕೆಲಸ, ಆರನೆಯದರ ಮೇಲೆ ಹೆಬ್ಬೆರಳು ಇಟ್ಟು ತಿರುಗಿಸದೆ ಹಾಗೇ ಇಟ್ಟುಕೊಂಡು ನಿಂತ, ಅವನ ಕಣ್ಣು ಸ್ಕ್ರೂವಿನಿಂದ ತನ್ನ ಇನ್ನೊಂದು ಕೈಗೆ ಹೋಯಿತು, ಮರದ ಹಿಡಿಗೆ, ಗುಳಿಗೆ. ಶೆಡ್ಡಿನ ಫ್ಯಾನು ತಿರುಗುತ್ತಿತ್ತು. ಆ ನಟ್ಟುಗಳೂ ಹಿಂಗೇನಾ, ಅಂದ ಅಪ್ಪ, ದನಿ ಇಳಿದುಹೋಗಿತ್ತು, ಅವನು ಮಾಡಿದ್ದು. ಗೆರೆ ಮುರಿದಿರಲಿಲ್ಲ ಅಲ್ವಾ. ಇಲ್ಲಪ್ಪ. ನೋಡು ಅಂದ ನನಗೆ. ಹೂಂ. ಅವನಿಗೆ ಗೊತ್ತಿತ್ತಾ ಪುಟ್ಟಿ. ಸುಳ್ಳು ಹೇಳಬೇಕು ಅಂದುಕೊಂಡಳು, ಹೋದ ಸಲ ಎಷ್ಟು ಸಲೀಸಾಗಿ ಬಂದಿತ್ತು, ಈಗ ಬರಲಿಲ್ಲ. ಗೊತ್ತಿತ್ತಪ್ಪ, ಅಂದಳು. ಅಪ್ಪ ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟ, ಮೊದಲು ಹಿಡಿ ಅವಳ ಕಡೆ ಬರುವ ಹಾಗೆ ತಿರುಗಿಸಿ, ಚಿಕ್ಕವರಿದ್ದಾಗ ಕೊಡುತ್ತಿದ್ದ ಹಾಗೆ. ಆರೂ ನೀನೇ ಮಾಡು, ಅಂದ. ಅವಳು ಮಾಡಿದಳು, ಕಿರ್, ಕಿರ್, ಪ್ರತಿಯೊಂದಕ್ಕೂ ಅಪ್ಪ ತಲೆ ಆಡಿಸಿದ. ಈಗ ಫೋನ್ ಮಾಡು ಅವನಿಗೆ, ನಾನು ಮಾತಾಡ್ತೀನಿ, ಏನು ಹೇಳಬೇಕು ಅಂತ ಗೊತ್ತಿದೆ ನನಗೆ, ಮರೆಯೋಕೆ ಮುಂಚೆ ಮಾಡು. ಆ ಬಾಟ್ಲಿ ಇಲ್ಲಿ ಕೊಡು, ಗೆರೆ ನಾನು ಎಳೀತೀನಿ.

ಅವಳು ಗುಂಡಿ ಒತ್ತಿದಳು, ಫೋನನ್ನು ಕಿವಿಗೆ ಇಟ್ಟುಕೊಂಡಳು, ಅಲ್ಲೆಲ್ಲೋ ಐಸ್ ಫ್ಯಾಕ್ಟರಿಯಲ್ಲಿ ರಿಂಗಾಗುತ್ತಿದೆ, ಅಪ್ಪ ಬಾಟಲಿಯ ಮುಚ್ಚಳ ತಿರುಗಿಸಿ ಕುಂಚವನ್ನು ಅಂಚಿಗೆ ಒರೆಸಿ ಬಾಗಿದ, ಉಸಿರು ಬಿಗಿಹಿಡಿದ, ಅವಳು ಹಿಡಿಯುವ ಹಾಗೆಯೇ, ಅಥವಾ ಅವಳು ಹಿಡಿಯುವುದೇ ಅವನ ಹಾಗೆ, ಕುಂಚದ ತುದಿ ಸ್ಕ್ರೂವಿನ ತಲೆಯ ನಡುವಿಗೆ ತಾಗಿತು, ಹೊರಟಿತು, ಹೇಳು ಅಕ್ಕಾ, ಅಂದ ತಮ್ಮ ಫೋನಿನಲ್ಲಿ, ಹಿಂದೆ ಯಂತ್ರಗಳ ಗದ್ದಲ, ಈ ಹೊತ್ತಲ್ಲಿ ಮಾಡಿದೀಯಲ್ಲ, ಎಲ್ಲ ಸರಿ ಇದೆ ತಾನೇ, ಅವಳು ಫೋನನ್ನು ಅಪ್ಪನ ಕಡೆ ಚಾಚಿದಳು, ಅಪ್ಪಾ, ಅವನು, ಅಂದಳು, ಅಪ್ಪ ತಲೆ ಎತ್ತಲಿಲ್ಲ, ಕೆಂಪು ಗೆರೆ ಸ್ಕ್ರೂವಿನ ಅಂಚಿನವರೆಗೆ ನೆಟ್ಟಗೆ, ಒಂಚೂರೂ ನಡುಗದೆ ಬಂದು ಅಲ್ಲಿ ನಿಂತಿತ್ತು, ಮುಚ್ಚಳದ ಮೇಲೆ ಇಳಿಯಬೇಕಾದ ಉಳಿದರ್ಧ ಇಳಿದಿರಲಿಲ್ಲ, ಕುಂಚ ಗಾಳಿಯಲ್ಲಿತ್ತು, ಅಪ್ಪ ಅದನ್ನೇ ನೋಡುತ್ತಿದ್ದ, ಇನ್ನೂ ಏನೋ ಇತ್ತಲ್ಲ ಅನ್ನುವ ಹಾಗೆ, ಅಕ್ಕಾ, ಫೋನು ಅವಳ ಚಾಚಿದ ಕೈಯಲ್ಲಿ ಸಣ್ಣಗೆ ಕರೆಯಿತು, ಅಕ್ಕಾ, ಅಪ್ಪನಾ ಪಕ್ಕದಲ್ಲಿರೋದು, ಕುಂಚದ ತುದಿಯಲ್ಲಿ ಒಂದು ಹನಿ ದುಂಡಗಾಗುತ್ತಿತ್ತು, ಬೀಳುತ್ತಿರಲಿಲ್ಲ, ಸ್ಕ್ರೂವಿನ ಅಂಚಿನಲ್ಲಿ ನಿಂತ ಅರ್ಧ ಗೆರೆ, ಅಪ್ಪಾ, ಅಂದಿತು ಫೋನು, ಕೆಂಪು ಗೆರೆ, ಅರ್ಧ